ಗರ್ಭಪಾತ: ಹಕ್ಕೋ, ವಿನಾಯಿತಿಯೋ?

ಗರ್ಭಪಾತ ಮಹಿಳೆಯ ಸಂವಿಧಾನಬದ್ಧ ಹಕ್ಕೆಂದು ಅಮೆರಿಕದ ಸುಪ್ರೀಂ ಕೋರ್ಟ್ 1973ರಲ್ಲಿ ಸಾರಿದಾಗ ಎದ್ದ ವಿವಾದ ಅರ್ಧ ಶತಮಾನ ಕಳೆದರೂ ತಣ್ಣಗಾಗಲಿಲ್ಲ. 2022ರಲ್ಲಿ ಅದೇ ನ್ಯಾಯಾಲಯ ಆ ತೀರ್ಪನ್ನು ತಳ್ಳಿಹಾಕಿತು. ಅಮೆರಿಕದ ಮೊದಲ ತೀರ್ಪಿಗೂ ಎರಡು ವರ್ಷ ಮುಂಚೆ, 1971ರಲ್ಲಿ, ಭಾರತದ ಸಂಸತ್ತು ಗರ್ಭಪಾತಕ್ಕೆ ಅವಕಾಶ ಕೊಡುವ ಕಾಯ್ದೆಯನ್ನು ಅಂಥ ಗದ್ದಲವಿಲ್ಲದೆಯೇ ಅಂಗೀಕರಿಸಿತ್ತು. ಆ ಕಾಯ್ದೆ ಹಕ್ಕಿನ ಮಾತನ್ನೇ ಆಡಿರಲಿಲ್ಲ ಎಂಬುದು ಇದಕ್ಕೆ ಒಂದು ಕಾರಣ.

1860ರ ಭಾರತೀಯ ದಂಡ ಸಂಹಿತೆಯ 312ನೇ ಕಲಮಿನ ಪ್ರಕಾರ, ತಾಯಿಯ ಜೀವ ಉಳಿಸುವ ಉದ್ದೇಶವಿಲ್ಲದೆ ನಡೆಸಿದ ಗರ್ಭಪಾತ ಅಪರಾಧ. ನಡೆಸಿದವರ ಜೊತೆಗೆ ಗರ್ಭಿಣಿಯೂ ಶಿಕ್ಷಾರ್ಹಳು. ಇದರಿಂದ ಗರ್ಭಪಾತಗಳೇನೂ ನಿಲ್ಲಲಿಲ್ಲ. ಕಡ್ಡಿ, ಬೇರು, ನಾಟಿ ಮದ್ದುಗಳ ಪಾಲಾದವು. ನಂಜೇರಿಯೋ ರಕ್ತಸ್ರಾವದಿಂದಲೋ ಹೆಂಗಸರು ಸಾಯುತ್ತಿದ್ದರು. 1964ರಲ್ಲಿ ನೇಮಕಗೊಂಡ ಶಾಂತಿಲಾಲ್ ಶಾ ಸಮಿತಿ 1966ರಲ್ಲಿ ವರದಿ ಕೊಟ್ಟು, ಕಾನೂನನ್ನು ಸಡಿಲಿಸಲು ಶಿಫಾರಸು ಮಾಡಿತು. ಜನಸಂಖ್ಯೆಯ ಹೆಚ್ಚಳ ಸರ್ಕಾರವನ್ನು ಚಿಂತೆಗೀಡು ಮಾಡಿದ್ದ ಕಾಲವೂ ಅದಾಗಿತ್ತು.

1972ರ ಏಪ್ರಿಲ್ 1ರಂದು ಜಾರಿಗೆ ಬಂದ ವೈದ್ಯಕೀಯ ಗರ್ಭಪಾತ ಕಾಯ್ದೆ ಹಳೆಯ ಕಲಮನ್ನು ರದ್ದುಪಡಿಸಲಿಲ್ಲ. ನಿಗದಿತ ಕಾರಣಗಳಿಗಾಗಿ ಗರ್ಭಪಾತ ನಡೆಸುವ ನೋಂದಾಯಿತ ವೈದ್ಯರಿಗೆ ಆ ಕಲಮಿನಿಂದ ರಕ್ಷಣೆ ನೀಡಿತು, ಅಷ್ಟೆ. 12 ವಾರಗಳವರೆಗೆ ಒಬ್ಬ ವೈದ್ಯರ, 20 ವಾರಗಳವರೆಗೆ ಇಬ್ಬರ ಅಭಿಪ್ರಾಯ ಬೇಕಿತ್ತು. ವಯಸ್ಕ ಮಹಿಳೆಯ ಒಪ್ಪಿಗೆಯೊಂದೇ ಸಾಕು, ಗಂಡನ ಸಹಿ ಬೇಕಿಲ್ಲ ಎಂಬುದು ಅದರ ದೊಡ್ಡ ಗುಣ. ಆದರೆ ಗರ್ಭನಿರೋಧಕ ವಿಫಲವಾಯಿತೆಂಬ ಕಾರಣವನ್ನು ವಿವಾಹಿತೆಯರಷ್ಟೇ ಹೇಳಬಹುದಾಗಿತ್ತು.

ಹಕ್ಕಿನ ಭಾಷೆ ಬಂದದ್ದು ನ್ಯಾಯಾಲಯಗಳಿಂದ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಆಧಾರ್ ಯೋಜನೆಯನ್ನು ಪ್ರಶ್ನಿಸಿದ್ದ ಪ್ರಕರಣದಲ್ಲಿ, 2017ರಲ್ಲಿ, ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಎತ್ತಿಹಿಡಿಯಿತು. ಮಗು ಬೇಕೇ ಬೇಡವೇ ಎಂಬ ತೀರ್ಮಾನವೂ ಆ ಹಕ್ಕಿನೊಳಗೆ ಸೇರಿತು. 2021ರ ತಿದ್ದುಪಡಿಯು ‘ವಿವಾಹಿತೆ’ಯ ಜಾಗದಲ್ಲಿ ‘ಯಾವುದೇ ಮಹಿಳೆ’ ಎಂದು ಬರೆಯಿತು. ಅತ್ಯಾಚಾರಕ್ಕೊಳಗಾದವರು, ಅಪ್ರಾಪ್ತೆಯರೇ ಮೊದಲಾದ ಕೆಲವರಿಗೆ ಗಡುವನ್ನು 24 ವಾರಗಳಿಗೆ ವಿಸ್ತರಿಸಿತು. ಆ ವಿಸ್ತರಣೆ ಅವಿವಾಹಿತೆಯರಿಗೂ ಸಲ್ಲುತ್ತದೆಂದು 2022ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿತು.

ಆದರೂ ಹಕ್ಕಿಗೂ ಕಾಯ್ದೆಗೂ ನಡುವಣ ಅಂತರ ಮುಚ್ಚಿಲ್ಲ. 2023ರಲ್ಲಿ 26 ವಾರ ಮೀರಿದ್ದ ಗರ್ಭಿಣಿಯೊಬ್ಬರು, ಎರಡು ಮಕ್ಕಳ ತಾಯಿ, ಮಾನಸಿಕ ಅಸ್ವಸ್ಥತೆಯ ಕಾರಣ ನೀಡಿ ಸುಪ್ರೀಂ ಕೋರ್ಟಿನ ಮೊರೆಹೊಕ್ಕರು. ಇಬ್ಬರು ನ್ಯಾಯಮೂರ್ತಿಗಳಲ್ಲಿ ಒಮ್ಮತ ಮೂಡದೆ ಪ್ರಕರಣ ಮೂವರ ಪೀಠಕ್ಕೆ ಹೋಯಿತು. ಭ್ರೂಣದಲ್ಲಿ ದೋಷವಿಲ್ಲ, ತಾಯಿಯ ಜೀವಕ್ಕೆ ತಕ್ಷಣದ ಅಪಾಯವೂ ಇಲ್ಲ ಎಂದು ಪೀಠ ಅನುಮತಿ ನಿರಾಕರಿಸಿತು. ಬದುಕಿ ಉಳಿಯಬಲ್ಲ ಹಂತ ತಲುಪಿದ ಭ್ರೂಣದ ಹಿತವೂ ಮುಖ್ಯವೆಂಬ ವಾದಕ್ಕೆ ತೂಕವಿಲ್ಲದಿಲ್ಲ. ಆದರೆ ಹೊರುವವಳ ನಿರ್ಧಾರಕ್ಕೆ ಎಷ್ಟು ತೂಕ ಎಂಬುದು ಉಳಿದ ಪ್ರಶ್ನೆ.

2024ರ ಜುಲೈ 1ರಂದು ದಂಡ ಸಂಹಿತೆಯ ಸ್ಥಾನಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ 312ನೇ ಕಲಮು 88ನೆಯದಾಗಿದೆ. ಸಂಖ್ಯೆ ಬದಲಾದರೂ ಗರ್ಭಪಾತ ಮೂಲದಲ್ಲಿ ಅಪರಾಧವಾಗಿಯೇ ಉಳಿದಿದೆ. ತನ್ನ ಒಡಲಿನ ಬಗ್ಗೆ ನಿರ್ಧರಿಸಬೇಕಾದ ಹೆಣ್ಣು ಇಂದಿಗೂ ಮೊದಲು ವೈದ್ಯರನ್ನು, ಗಡುವು ಮೀರಿದರೆ ವೈದ್ಯಕೀಯ ಮಂಡಳಿಯನ್ನೋ ನ್ಯಾಯಾಲಯವನ್ನೋ ಒಪ್ಪಿಸಬೇಕು.