ಕೂದಲು ಹೇಳಿದ ಲೆಕ್ಕ

ಅಕ್ಕಂದಿರೇ, ನಿಮ್ಮ ಜಡೆ ಎಷ್ಟು ಉದ್ದ ಇದೆ? ಸೊಂಟದ ತನಕ ಇದೆಯಾ? ಹಾಗಾದರೆ ಅದರ ತುದಿ ಐದಾರು ವರ್ಷ ಹಳೆಯದು. ಕೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುತ್ತೆ. ಅಂದರೆ ಕಿರುಬೆರಳಿನ ಉಗುರಿನ ಅಗಲದಷ್ಟು.

ಈ ಲೆಕ್ಕ ಒಂದು ದೇಶದ ತಾಯಂದಿರ ಕಷ್ಟವನ್ನು ತಿಳಿಯಲು ಸಹಾಯ ಮಾಡಿತು. ಆ ದೇಶ ಇರಾಕ್. ನಮ್ಮ ಜನ ದುಡಿಯೋಕೆ ಹೋಗುವ ಕುವೈತ್ ಇದೆಯಲ್ಲ, ಅದರ ಪಕ್ಕದ ದೇಶ.

1971ರಲ್ಲಿ ಅಲ್ಲಿ ಬರ ಇತ್ತು. ಸರ್ಕಾರ ಹೊರದೇಶದಿಂದ ಬಿತ್ತನೆ ಬೀಜ ತರಿಸಿತು. ಗೋಧಿ, ಬಾರ್ಲಿ ಸೇರಿ ಸುಮಾರು 95 ಸಾವಿರ ಟನ್. ಬೀಜಕ್ಕೆ ಬೂಷ್ಟು ಹಿಡಿಯಬಾರದು ಅಂತ ಪಾದರಸ ಸೇರಿದ ಔಷಧಿ ಹಚ್ಚಿದ್ದರು. ತಿನ್ನುವ ಕಾಳಲ್ಲ ಎಂದು ತಿಳಿಯಲು ಕೆಂಪು ಬಣ್ಣವನ್ನೂ ಹಾಕಿದ್ದರು. ಚೀಲದ ಮೇಲೆ ಎಚ್ಚರಿಕೆ ಬರೆದಿತ್ತು. ಆದರೆ ಬರೆದದ್ದು ಸ್ಪ್ಯಾನಿಷ್ ಮತ್ತು ಇಂಗ್ಲಿಷ್ ಭಾಷೆಯಲ್ಲಿ! ಅಲ್ಲಿಯವರ ಮಾತು ಅರಬ್ಬಿ, ಕುರ್ದಿ. ಅದನ್ನು ಓದುವವರು ಯಾರು?

ಎಷ್ಟೋ ಊರಿಗೆ ಬೀಜ ಬಂದದ್ದು ಬಿತ್ತನೆ ಮುಗಿದ ಮೇಲೆ. ಮನೆಯಲ್ಲಿ ಬೇರೆ ಕಾಳು ಇರಲಿಲ್ಲ. ಜನ ಆ ಬೀಜವನ್ನು ತೊಳೆದರು. ಬಣ್ಣ ಹೋಯಿತು. ವಿಷವೂ ಹೋಯ್ತು ಅಂದುಕೊಂಡರು. ಕೆಲವರು ಕೋಳಿಗೆ ಹಾಕಿ ನಾಲ್ಕು ದಿನ ಕಾದರು. ಕೋಳಿಗೆ ಏನೂ ಆಗಲಿಲ್ಲ. ಆಮೇಲೆ ಬೀಸಿ ರೊಟ್ಟಿ ಮಾಡಿ ತಿಂದರು. ಅವರನ್ನು ದಡ್ಡರು ಅನ್ನೋಕೆ ನನಗೆ ಮನಸ್ಸು ಬರಲ್ಲ. ಮಕ್ಕಳು ಹಸಿದಿದ್ದಾಗ ನಾವಾದರೂ ಇದಕ್ಕಿಂತ ಹೆಚ್ಚು ಏನು ಪರೀಕ್ಷೆ ಮಾಡ್ತಿದ್ವಿ?

ಈ ವಿಷ ತಕ್ಷಣ ತೋರಿಸಿಕೊಳ್ಳುವುದಿಲ್ಲ. ವಾರಗಳು ಕಳೆದ ಮೇಲೆ ಕೈಕಾಲು ಜೋಮು ಹಿಡಿಯಿತು. ನಡಿಗೆ ತಪ್ಪಿತು. ಕಣ್ಣು ಮಂಜಾಯಿತು. 6,530 ಜನ ಆಸ್ಪತ್ರೆ ಸೇರಿದರು. ಅವರಲ್ಲಿ 459 ಜನ ತೀರಿಹೋದರು.

ಬಸುರಿಯರೂ ಆ ರೊಟ್ಟಿ ತಿಂದಿದ್ದರು. ಕೆಲವು ತಾಯಂದಿರಿಗೆ ಸ್ವಲ್ಪ ಜೋಮು ಬಿಟ್ಟರೆ ಬೇರೇನೂ ಆಗಿರಲಿಲ್ಲ. ಆದರೆ ಅವರ ಮಕ್ಕಳಿಗೆ ಹೊಟ್ಟೆಯಲ್ಲೇ ಮೆದುಳಿಗೆ ಪೆಟ್ಟು ಬಿದ್ದಿತ್ತು. ಎಷ್ಟು ಪಾದರಸ ಸೇರಿದರೆ ಮಗುವಿಗೆ ಅಪಾಯ? ಇದನ್ನು ತಿಳಿಯಬೇಕಿತ್ತು. ತಾಯಿಯನ್ನು ಕೇಳಿದರೆ ಏನು ಹೇಳಿಯಾಳು? ಹೋದ ವರ್ಷ ಯಾವ ತಿಂಗಳಲ್ಲಿ ಎಷ್ಟು ರೊಟ್ಟಿ ತಿಂದೆ ಅಂತ ಯಾರಿಗೆ ನೆನಪಿರುತ್ತೆ? ರಕ್ತ ನೋಡೋಣ ಅಂದರೆ, ರಕ್ತದಲ್ಲಿನ ಈ ಪಾದರಸ ಸುಮಾರು ಎರಡು ತಿಂಗಳಿಗೆ ಅರ್ಧಕ್ಕೆ ಇಳಿಯುತ್ತೆ. ರಕ್ತ ಇತ್ತೀಚಿನ ಮಾತು ಹೇಳುತ್ತೆ. ಹಳೆಯದನ್ನು ಹೇಳುವುದಿಲ್ಲ.

ಹಳೆಯದನ್ನು ಹೇಳಿದ್ದು ಕೂದಲು. ಕೂದಲು ಬುಡದಲ್ಲಿ ಹುಟ್ಟುವಾಗ ರಕ್ತದಿಂದ ಪೋಷಣೆ ತಗೊಳ್ಳುತ್ತೆ. ರಕ್ತದಲ್ಲಿ ಪಾದರಸ ಇದ್ದರೆ ಅದೂ ಕೂದಲಿಗೆ ಸೇರುತ್ತೆ. ರಕ್ತದಲ್ಲಿ ಇರುವುದಕ್ಕಿಂತ ಸುಮಾರು 250 ಪಟ್ಟು ಹೆಚ್ಚು ಅಲ್ಲಿ ಕೂಡಿಕೊಳ್ಳುತ್ತೆ. ಕೂದಲು ಹೊರಗೆ ಬಂದ ಮೇಲೆ ಅದು ಅಲ್ಲೇ ಉಳಿಯುತ್ತೆ.

ಬಾಗ್ದಾದಿನ ಡಾಕ್ಟರುಗಳು ಮತ್ತು ಅಮೆರಿಕದ ರೋಚೆಸ್ಟರ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ತಾಯಂದಿರ ಉದ್ದ ಕೂದಲನ್ನು ಬುಡದಲ್ಲಿ ಕತ್ತರಿಸಿ ತಗೊಂಡರು. ಅದನ್ನು ಬುಡದಿಂದ ತುದಿಯವರೆಗೆ ಚೂರು ಚೂರಾಗಿ ಅಳೆದರು. ಒಂದು ಸೆಂಟಿಮೀಟರ್ ಅಂದರೆ ಒಂದು ತಿಂಗಳು. ಮಗು ಹುಟ್ಟಿದ ತಿಂಗಳಿಂದ ಹಿಂದಕ್ಕೆ ಎಣಿಸಿದರೆ ಒಂಬತ್ತು ತಿಂಗಳ ಲೆಕ್ಕ ಸಿಕ್ಕಿತು. ಹೀಗೆ 81 ತಾಯಿ-ಮಕ್ಕಳ ಲೆಕ್ಕ ನೋಡಿದರು. ಯಾವ ತಾಯಿಯ ಕೂದಲಲ್ಲಿ ಪಾದರಸ ಜಾಸ್ತಿ ಇತ್ತೋ ಅವರ ಮಕ್ಕಳಲ್ಲಿ ತಡವಾಗಿ ನಡೆದವರು, ತಡವಾಗಿ ಮಾತಾಡಿದವರು ಹೆಚ್ಚು ಇದ್ದರು. ಬಸುರಿಯರಿಗೆ ಪಾದರಸದ ಮಿತಿ ಎಷ್ಟಿರಬೇಕು ಎಂದು ಯೋಚಿಸಲು ಮುಂದೆ ಈ ಲೆಕ್ಕವೇ ಆಧಾರವಾಯಿತು. ಆ ಮಕ್ಕಳಿಗೆ ಮಾತ್ರ ಇದರಿಂದ ಏನೂ ವಾಪಸ್ ಬರಲಿಲ್ಲ.

ಮೈಯೊಳಗೆ ಸಿಗುವ ಇಂಥ ಗುರುತಿಗೆ ಜೈವಿಕ ಸೂಚಕ ಎನ್ನುತ್ತಾರೆ. ನೀರಿನಲ್ಲಿ, ಗಾಳಿಯಲ್ಲಿ ಎಷ್ಟು ವಿಷ ಇದೆ ಅನ್ನೋದು ಬೇರೆ. ನಮ್ಮ ಮೈಗೆ ಎಷ್ಟು ಸೇರಿದೆ ಅನ್ನೋದು ಬೇರೆ. ಈ ಎರಡನೆಯದನ್ನು ಸೂಚಕ ಹೇಳುತ್ತೆ. ಒಂದೊಂದು ವಿಷಕ್ಕೆ ಒಂದೊಂದು ಜಾಗ. ಹಳೇ ಬ್ಯಾಟರಿ ಒಡೆಯುವವರಲ್ಲಿ ಸೀಸ ಎಷ್ಟಿದೆ ಅಂತ ರಕ್ತದಲ್ಲಿ ನೋಡುತ್ತಾರೆ. ಬೆಳೆಗೆ ಹೊಡೆಯುವ ಕೆಲವು ಔಷಧಿಯ ಗುರುತು ಮೂತ್ರದಲ್ಲಿ ಸಿಗುತ್ತೆ, ಅದೂ ಕೆಲವೇ ದಿನ.

ನಮ್ಮ ಕಡೆಯೂ ಬಿತ್ತನೆ ಬೀಜಕ್ಕೆ ಔಷಧಿ ಹಚ್ಚಿ ಬಣ್ಣ ಹಾಕಿರುತ್ತಾರೆ. ಬಿತ್ತಿ ಉಳಿದ ಬೀಜವನ್ನು ತೊಳೆದು ಅಡುಗೆಗೆ ಬಳಸಬೇಡಿ. ಕೋಳಿಗೂ ಹಾಕಬೇಡಿ. ಯಾರಾದರೂ ತಿಳಿಯದೆ ತಿಂದರೆ ತಡ ಮಾಡದೆ ಆಸ್ಪತ್ರೆಗೆ ಹೋಗಿ. ಹೋಗುವಾಗ ಆ ಚೀಲವನ್ನೂ ತಗೊಂಡು ಹೋಗಿ. ಔಷಧಿಯ ಹೆಸರು ಅದರ ಮೇಲೆ ಇರುತ್ತೆ. ಯಾವ ವಿಷ ಅಂತ ಗೊತ್ತಾದರೆ ತಾನೇ ರಕ್ತದಲ್ಲಿ ಏನು ಹುಡುಕಬೇಕು ಅಂತ ಡಾಕ್ಟರಿಗೆ ತಿಳಿಯೋದು?