ಉರಿ ಒಂದೇ, ಕಾಯಿಲೆ ಬೇರೆ ಬೇರೆ

"ಯಾಕೋ ಎದೆ ಉರಿ" ಎಂದರೆ ಸಾಕು, "ಗ್ಯಾಸ್ ಇರಬೇಕು ಬಿಡು, ಒಂದು ಸೋಡಾ ಕುಡಿ" ಎನ್ನುವುದು ನಮ್ಮ ಮನೆಗಳ ಹಳೇ ವೈದ್ಯ. ನಮ್ಮ ಮನೆಯಲ್ಲೂ ಅದೇ ನಡೆದಿತ್ತು. ಒಂದೇ ಸೂರಿನಡಿ ಇಬ್ಬರಿಗೆ ಉರಿ, ಇಬ್ಬರಿಗೂ ಒಂದೇ ಮಾತ್ರೆ. ಇಬ್ಬರ ಕಾಯಿಲೆಯೂ ಬೇರೆ ಬೇರೆ ಎಂದು ತಿಳಿಯುವ ಹೊತ್ತಿಗೆ ನನಗೆ ನಾಲ್ಕು ಹೆಜ್ಜೆ ನಡೆಯುವ ತ್ರಾಣವೂ ಉಳಿದಿರಲಿಲ್ಲ. ನನ್ನ ಹಾಗೆ ಇನ್ನೊಬ್ಬ ಸೋದರಿ ತಡ ಮಾಡದಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಯಜಮಾನರ ಉರಿ

ನಮ್ಮೂರು ಮಾರಿಕುಪ್ಪಂ. ಬಂಗಾರಪೇಟೆಯಿಂದ ಕವಲೊಡೆದು ಬರುವ ರೈಲು ಹಳಿ ಕೊನೆಯಾಗುವುದು ಇಲ್ಲೇ. 2001ರ ಫೆಬ್ರವರಿಯಲ್ಲಿ ಚಿನ್ನದ ಗಣಿ ಮುಚ್ಚಿದ ಮೇಲೆ ಇಲ್ಲಿನ ಎಷ್ಟೋ ಸಂಸಾರಗಳಿಗೆ ಬೆಂಗಳೂರಿನ ರೈಲೇ ಅನ್ನದ ದಾರಿ. ನಮ್ಮ ಯಜಮಾನರೂ ನಸುಕಿನಲ್ಲೇ ಹೊರಟು ರಾತ್ರಿ ಮನೆ ಸೇರುವವರು. ಬಂದವರೇ ಹೊಟ್ಟೆ ಬಿರಿಯುವಷ್ಟು ಮುದ್ದೆ ಸಾರು ಉಂಡು, ಕೈ ತೊಳೆದ ನೀರು ಆರುವ ಮೊದಲೇ ಮಲಗಿಬಿಡುತ್ತಿದ್ದರು. ನಡುರಾತ್ರಿ ಹುಳಿನೀರು ಗಂಟಲಿಗೆ ನುಗ್ಗಿ, ಕೆಮ್ಮುತ್ತಾ ಎದ್ದು ಕೂರುತ್ತಿದ್ದರು.

ಡಾಕ್ಟರಮ್ಮ ವಿವರಿಸಿದ್ದು ಹೀಗೆ: ಅನ್ನನಾಳ ಹೊಟ್ಟೆಗೆ ಸೇರುವ ಕಡೆ ಸ್ನಾಯುವಿನ ಒಂದು ಉಂಗುರ ಇರುತ್ತದೆ. ಅದು ಹೊತ್ತಲ್ಲದ ಹೊತ್ತಿನಲ್ಲಿ ಸಡಿಲವಾದರೆ ಹೊಟ್ಟೆಯ ಆಮ್ಲ ಮೇಲಕ್ಕೆ ಬರುತ್ತದೆ. ಹೊಟ್ಟೆಯ ಒಳಪದರ ಆಮ್ಲವನ್ನು ತಡೆದುಕೊಂಡ ಹಾಗೆ ಅನ್ನನಾಳ ತಡೆಯಲಾರದು. ಅದೇ ಉರಿ. ತುಂಬಿದ ಹೊಟ್ಟೆಯಲ್ಲಿ ಮಲಗಿದರೆ ಆಮ್ಲಕ್ಕೆ ದಾರಿ ಇನ್ನೂ ಸಲೀಸು.

ಅವರಿಗೆ ಹೇಳಿದ ಪಥ್ಯ ಕಷ್ಟದ್ದೇನಲ್ಲ. ಊಟಕ್ಕೂ ನಿದ್ದೆಗೂ ನಡುವೆ ಎರಡು ಮೂರು ಗಂಟೆ ಅಂತರ ಬೇಕು. ಅದಕ್ಕೆ ನಾನು ರಾತ್ರಿಯ ಊಟವನ್ನೂ ಡಬ್ಬಿಗೆ ಕಟ್ಟತೊಡಗಿದೆ. ರೈಲು ಮಾಲೂರು ದಾಟುವುದರೊಳಗೆ ಅವರ ಊಟ ಮುಗಿದಿರುತ್ತದೆ, ಮನೆಗೆ ಬಂದ ಮೇಲೆ ಬರೀ ನೀರು. ಮಂಚದ ತಲೆಕಡೆಯ ಎರಡು ಕಾಲುಗಳಿಗೆ ಗಟ್ಟಿಯಾಗಿ ಇಟ್ಟಿಗೆ ಕೊಟ್ಟು ಆರು ಅಂಗುಲ ಎತ್ತರಿಸಿದೆವು. ಬರೀ ದಿಂಬು ಪೇರಿಸಿದರೆ ಕತ್ತು ಬಗ್ಗುತ್ತದೆ, ಎದೆ ಎತ್ತರವಾಗುವುದಿಲ್ಲ. ಎಡ ಮಗ್ಗುಲಿಗೆ ಮಲಗುವುದೂ ಒಳ್ಳೆಯದಂತೆ. ಬೀಡಿ ಸಿಗರೇಟು ಬಿಡಬೇಕು, ಬೊಜ್ಜಿದ್ದರೆ ಕರಗಿಸಬೇಕು. ಜೊತೆಗೆ ಆಮ್ಲ ಕಡಿಮೆ ಮಾಡುವ ಕ್ಯಾಪ್ಸೂಲ್ ಎಂಟು ವಾರ. ಅದನ್ನು ತಿಂಡಿಗೆ ಅರ್ಧ ಗಂಟೆ ಮೊದಲೇ ನುಂಗಬೇಕು. ಇವರು ಊಟದ ಮೇಲೆ ನುಂಗಿ "ಏನೂ ಪ್ರಯೋಜನ ಇಲ್ಲ" ಎಂದು ಗೊಣಗುತ್ತಿದ್ದರು!

ನನ್ನ ಉರಿ

ನನ್ನದು ಬೇರೆ ಥರ. ಉರಿ ಎದೆಯಲ್ಲಲ್ಲ, ಹೊಕ್ಕುಳಿನ ಮೇಲೆ, ಪಕ್ಕೆಲುಬು ಕೂಡುವ ಕಡೆ. ಹಸಿದಾಗ ಕೊರೆಯುವುದು, ಏನಾದರೂ ತಿಂದರೆ ಸ್ವಲ್ಪ ಶಮನ. "ನಿಂದೂ ಅದೇ ಕಣೆ, ನನ್ನ ಮಾತ್ರೇನೇ ನುಂಗು" ಅಂದರು ಯಜಮಾನರು. ನುಂಗಿದೆ. ಮಂಡಿನೋವಿಗೆಂದು ಮೆಡಿಕಲ್ ಶಾಪಿನಿಂದ ನಾನೇ ತಂದುಕೊಂಡ ನೋವಿನ ಮಾತ್ರೆಯನ್ನೂ ತಿಂಗಳುಗಟ್ಟಲೆ ನುಂಗುತ್ತಿದ್ದೆ. ಯಾರನ್ನೂ ಕೇಳಲಿಲ್ಲ. ನಮ್ಮ ನೋವನ್ನು ನಾವೇ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲವಲ್ಲ!

ಒಂದು ದಿನ ಮಲ ಟಾರಿನಂತೆ ಕಪ್ಪಗೆ, ಅಂಟಂಟಾಗಿ ಹೋಯಿತು. ಹೇಳಿಕೊಳ್ಳಲು ನಾಚಿಕೆ. ಸುಮ್ಮನಿದ್ದೆ. ಮೂರನೇ ದಿನ ನೀರಿನ ಕೊಡ ಎತ್ತುವಾಗ ಕಣ್ಣು ಕತ್ತಲೆ ಬಂತು. "ಏನಮ್ಮಾ, ಮುಖ ಹಿಂಗೆ ಬಿಳಚ್ಕೊಂಡಿದೆ!" ಎಂದು ಅತ್ತೆಯೇ ಗಾಬರಿಯಾಗಿ ಮಗನನ್ನು ಕರೆಸಿದರು. ಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್ 7. ಹೆಂಗಸರಿಗೆ 12 ಆದರೂ ಇರಬೇಕು. ಹೊಟ್ಟೆಯೊಳಗೆ ರಕ್ತ ಒಸರಿದರೆ ಮಲ ಹೀಗೆ ಕಪ್ಪಾಗುತ್ತದೆ. ಕಬ್ಬಿಣದ ಮಾತ್ರೆಯಿಂದಲೂ ಕಪ್ಪಾಗುವುದುಂಟು. ಯಾವುದೆಂದು ಹೇಳಬೇಕಾದವರು ಡಾಕ್ಟರೇ ಹೊರತು ನಾವಲ್ಲ.

ಪರೀಕ್ಷೆಗೆ ಹೆದರಬೇಡಿ

ಕೋಲಾರದಲ್ಲಿ ಎಂಡೋಸ್ಕೋಪಿ ಮಾಡಿದರು. ಖಾಲಿ ಹೊಟ್ಟೆಯಲ್ಲಿ ಹೋಗಬೇಕು. ಗಂಟಲಿಗೆ ಮರಗಟ್ಟುವ ಔಷಧಿ ಸಿಂಪಡಿಸಿ, ಎಡಕ್ಕೆ ಮಲಗಿಸಿ, ತುದಿಯಲ್ಲಿ ಕ್ಯಾಮೆರಾ ಇರುವ ತೆಳು ನಳಿಕೆಯನ್ನು ಬಾಯಿಂದ ಇಳಿಸುತ್ತಾರೆ. ಓಕರಿಕೆ ಬಂದದ್ದು ನಿಜ, ಆದರೆ ಹತ್ತು ನಿಮಿಷದೊಳಗೆ ಮುಗಿಯಿತು. ಸಣ್ಣ ಕರುಳಿನ ಆರಂಭದಲ್ಲಿ ಹುಣ್ಣು ಕಂಡಿತು. ಹೊಟ್ಟೆಯಿಂದ ತೆಗೆದ ಚೂರಿನಲ್ಲಿ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಕ್ರಿಮಿಯೂ ಸಿಕ್ಕಿತು.

ಹುಣ್ಣಿಗೆ ಖಾರ, ಚಿಂತೆಯೇ ಕಾರಣ ಎಂದು ನಾನೂ ನಂಬಿದ್ದೆ. ಮುಖ್ಯ ಕಾರಣಗಳು ಈ ಕ್ರಿಮಿ ಮತ್ತು ನೋವಿನ ಮಾತ್ರೆಗಳು. ನನಗೆ ಎರಡೂ ಸೇರಿದ್ದವು. ಆಸ್ಟ್ರೇಲಿಯಾದ ಡಾಕ್ಟರ್ ಬ್ಯಾರಿ ಮಾರ್ಷಲ್ 1984ರಲ್ಲಿ ಈ ಕ್ರಿಮಿಯನ್ನು ತಾವೇ ಕುಡಿದು, ಹೊಟ್ಟೆಯುರಿಯೂತ ಬರಿಸಿಕೊಂಡು ತೋರಿಸಿದರಂತೆ! 2005ರಲ್ಲಿ ಅವರಿಗೂ ರಾಬಿನ್ ವಾರೆನ್ ಅವರಿಗೂ ನೊಬೆಲ್ ಬಹುಮಾನ ಬಂತು. ಉಸಿರಿನ ಪರೀಕ್ಷೆ, ಮಲದ ಪರೀಕ್ಷೆಯಿಂದಲೂ ಈ ಕ್ರಿಮಿ ಗೊತ್ತಾಗುತ್ತದೆ. ಆಮ್ಲದ ಕ್ಯಾಪ್ಸೂಲ್ ನುಂಗುತ್ತಿದ್ದರೆ ಕ್ರಿಮಿ ಇದ್ದರೂ ಕಾಣದೆ ಹೋಗಬಹುದು. ಆದ್ದರಿಂದ ಏನೇನು ಮಾತ್ರೆ ತಿಂದಿದ್ದೀರೆಂದು ಮುಚ್ಚಿಡದೆ ಹೇಳಿ.

ನನಗೆ 14 ದಿನ ಆಂಟಿಬಯೋಟಿಕ್, ಆಮ್ಲದ ಕ್ಯಾಪ್ಸೂಲ್, ಆಮೇಲೆ ರಕ್ತ ಏರಲು ಕಬ್ಬಿಣದ ಮಾತ್ರೆ. ಬಾಯಿ ಕಹಿಯಾಯಿತೆಂದು ನಡುವೆ ನಿಲ್ಲಿಸಿದರೆ ಕ್ರಿಮಿ ಉಳಿದುಕೊಳ್ಳುತ್ತದೆ. ಕೋರ್ಸ್ ಮುಗಿದು ಕನಿಷ್ಠ 4 ವಾರ ಕಳೆದ ಮೇಲೆ ಮತ್ತೆ ಪರೀಕ್ಷಿಸಿ, ಕ್ರಿಮಿ ಹೋಗಿದೆ ಎಂದರು. ಮಂಡಿಗೆ ಈಗ ವ್ಯಾಯಾಮ, ಡಾಕ್ಟರು ಹೇಳಿದ ಮಾತ್ರೆ ಅಷ್ಟೇ.

ತಡ ಮಾಡಬಾರದ ಗುರುತುಗಳು

ನುಂಗುವಾಗ ಅನ್ನ ಸಿಕ್ಕಿಕೊಂಡಂತಾಗುವುದು, ಕಾರಣವಿಲ್ಲದೆ ತೂಕ ಇಳಿಯುವುದು, ಮೇಲಿಂದ ಮೇಲೆ ವಾಂತಿ, ರಕ್ತಹೀನತೆ ಕಂಡರೆ ಬೇಗ ಡಾಕ್ಟರಿಗೆ ತೋರಿಸಿ. ವಾಂತಿಯಲ್ಲಿ ರಕ್ತ ಅಥವಾ ಟಾರಿನಂಥ ಮಲ ಕಂಡರೆ ಅಂದೇ ಆಸ್ಪತ್ರೆಗೆ ಹೋಗಬೇಕು. ಎದೆ ಬಿಗಿದು, ಬೆವರಿ, ನೋವು ತೋಳಿಗೋ ದವಡೆಗೋ ಹರಿದರೆ, ಏದುಸಿರು ಬಂದರೆ ಅದು ಹೃದಯದ್ದಿರಬಹುದು. ಆಗ ಶುಂಠಿ ಕಷಾಯ ಕಾಯಿಸುತ್ತಾ ಕೂರಬೇಡಿ. ಹೆಂಗಸರ ಹೃದಯಾಘಾತವೂ ಅಜೀರ್ಣದ ವೇಷದಲ್ಲಿ ಬರುವುದುಂಟು.

ಅಡುಗೆಮನೆಯ ಮಾತು

ಎಲ್ಲರಿಗೂ ಒಂದೇ ಪಥ್ಯ ಇಲ್ಲ. ಒಬ್ಬರಿಗೆ ಕಾಫಿ ಆಗದು, ಇನ್ನೊಬ್ಬರಿಗೆ ಕರಿದದ್ದು, ಮತ್ತೊಬ್ಬರಿಗೆ ಹುಳಿ. ಹದಿನೈದು ದಿನ ಒಂದು ನೋಟ್‌ಬುಕ್ಕಿನಲ್ಲಿ ಏನು ತಿಂದಿರಿ, ಯಾವಾಗ ಉರಿಯಿತು ಎಂದು ಬರೆದಿಡಿ. ಡಾಕ್ಟರಿಗೂ ಅನುಕೂಲ. ಅಡುಗೆ ಸೋಡಾ ನೀರಿಗೆ ಬೆರೆಸಿ ಪದೇ ಪದೇ ಕುಡಿಯಬೇಡಿ. ರಕ್ತದೊತ್ತಡ ಇರುವವರಿಗೆ ಅದರ ಸೋಡಿಯಂ ಒಳ್ಳೆಯದಲ್ಲ. ಲಂಗದ ಲಾಡಿಯನ್ನು ಹೊಟ್ಟೆ ಕುಯ್ಯುವಂತೆ ಬಿಗಿಯಬೇಡಿ, ಉರಿಗೆ ಅದೂ ಒಂದು ಕಾರಣ.

ಈಗ ನಮ್ಮ ಮನೆಯಲ್ಲಿ ಒಬ್ಬರ ಮಾತ್ರೆ ಇನ್ನೊಬ್ಬರು ನುಂಗುವುದಿಲ್ಲ. ಇನ್ನೊಂದು ಬದಲಾವಣೆಯೂ ಆಗಿದೆ. ಎಲ್ಲರದೂ ಆಗಲಿ ಎಂದು ಇಳಿಹೊತ್ತಿನ ತನಕ ಹಸಿದು ಕಾಯುತ್ತಿದ್ದ ನಾನು, ಮಧ್ಯಾಹ್ನ ಒಂದಕ್ಕೆಲ್ಲ ಅತ್ತೆಯ ಪಕ್ಕದಲ್ಲೇ ತಟ್ಟೆ ಹಾಕಿಕೊಂಡು ಕೂರುತ್ತೇನೆ. ಬಡಿಸುವವರು ಅತ್ತೆಯೇ!