ಕೋವಿ, ಹೊಳೆ, ಹೆಬ್ಬೆಟ್ಟು: ಅಪರಾಧಶಾಸ್ತ್ರದ ವ್ಯಾಸಂಗ

ಪದವಿ ತರಗತಿಗೆ ಸೇರುವ ಕಾಲ ಬಂದಾಗ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಸೀಮೆಯ ಮನೆಗಳಲ್ಲಿ ಅಪರಾಧಶಾಸ್ತ್ರದ ಹೆಸರು ಕೇಳಿಬರುವುದು ವಿರಳ. ಕೇಳಿಬಂದರೂ, ಟೀವಿಯ ಧಾರಾವಾಹಿಗಳಿಂದ ಪಡೆದ ಕಲ್ಪನೆಯ ಬಲದಿಂದ, ಅದು ಭೂತಗನ್ನಡಿ ಹಿಡಿದು ಕ್ಷಣಾರ್ಧದಲ್ಲಿ ಕೊಲೆಗಾರನನ್ನು ತೋರಿಸಿಕೊಡುವ ಇಂದ್ರಜಾಲವೆಂದು ಭಾವಿಸುವವರೇ ಹೆಚ್ಚು. ಘಟನಾಸ್ಥಳದಲ್ಲಿ ದೊರೆತ ವಸ್ತುವೊಂದು ಎಷ್ಟನ್ನು ಹೇಳಬಲ್ಲುದು, ಯಾವ ಎಲ್ಲೆಯಾಚೆಗೆ ಅದರಿಂದ ಏನನ್ನೂ ಹೇಳಿಸಲಾಗದು ಎಂಬ ವಿವೇಕವೇ ಈ ವ್ಯಾಸಂಗದ ಜೀವಾಳವೆಂದು ತಿಳಿದರೆ ಅಂಥವರಿಗೆ ತುಸು ನಿರಾಶೆಯಾದೀತು.

ಮನುಷ್ಯನು ಅಪರಾಧಕ್ಕೆ ಏಕೆ ಇಳಿಯುತ್ತಾನೆ, ಸಮಾಜವು ಅವನನ್ನು ಹೇಗೆ ದಂಡಿಸುತ್ತದೆ, ಹೇಗೆ ತಿದ್ದುತ್ತದೆ ಎಂದು ವಿಚಾರಿಸುವುದು ಅಪರಾಧಶಾಸ್ತ್ರ. ನಡೆದದ್ದೇನು, ಯಾರಿಂದ ಎಂಬುದನ್ನು ರಕ್ತ, ವಿಷ, ಬೆರಳಚ್ಚು, ಹಸ್ತಾಕ್ಷರಗಳಿಂದ ನಿರ್ಧರಿಸಲು ಯತ್ನಿಸುವುದು ವಿಧಿವಿಜ್ಞಾನ. ಆಸ್ಟ್ರಿಯಾದ ಹಾನ್ಸ್ ಗ್ರಾಸ್ 1893ರಲ್ಲಿ ತನಿಖಾಧಿಕಾರಿಗಳಿಗಾಗಿ ಕೈಪಿಡಿಯನ್ನು ರಚಿಸಿದನು. 1909ರಲ್ಲಿ ಸ್ವಿಟ್ಜರ್ಲೆಂಡಿನ ಲೋಸಾನ್ ವಿಶ್ವವಿದ್ಯಾನಿಲಯದಲ್ಲಿ ರುಡಾಲ್ಫ್ ರೈಸ್ ಇದಕ್ಕೆಂದೇ ಒಂದು ಶಾಲೆಯನ್ನು ತೆರೆದನು. ನಮ್ಮಲ್ಲಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯವೂ ಮೈಸೂರಿನ ಮಹಾರಾಜ ಕಾಲೇಜೂ ಈ ಎರಡನ್ನೂ ಜೋಡಿಯಾಗಿ ಕಲಿಸುತ್ತ ಬಂದಿವೆ.

ವಿಶೇಷವೆಂದರೆ, ಬೆರಳಚ್ಚಿನ ವಿದ್ಯೆ ಪಶ್ಚಿಮದಿಂದ ಸಿದ್ಧವಾಗಿ ಬಂದದ್ದಲ್ಲ. 1897ರಲ್ಲಿ ಕಲಕತ್ತೆಯಲ್ಲಿ ಬೆರಳಚ್ಚು ಕಚೇರಿ ಸ್ಥಾಪಿತವಾಯಿತು. ಪೊಲೀಸ್ ಅಧಿಕಾರಿ ಎಡ್ವರ್ಡ್ ಹೆನ್ರಿಯ ಕೈಕೆಳಗಿದ್ದ ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸರ ಪರಿಶ್ರಮದಿಂದ ಬೆರಳಚ್ಚಿನ ವರ್ಗೀಕರಣ ಕ್ರಮವು ರೂಪುಗೊಂಡಿತು, ಕೀರ್ತಿ ಮಾತ್ರ ಬಹುಕಾಲ ಹೆನ್ರಿಯ ಪಾಲಾಯಿತು. ಅದೇ ವರ್ಷ ಜಲಪಾಯಿಗುಡಿಯ ಚಹಾ ತೋಟವೊಂದರ ಮ್ಯಾನೇಜರನು ತನ್ನ ಬಂಗಲೆಯಲ್ಲಿ ಕತ್ತು ಕೊಯ್ಯಲ್ಪಟ್ಟು ಬಿದ್ದಿದ್ದನು, ಹಣ ಮಾಯವಾಗಿತ್ತು, ಕಾಗದಪತ್ರಗಳ ನಡುವೆ ಇದ್ದ ಬಂಗಾಳಿ ಪಂಚಾಂಗದ ಮೇಲೆ ಎರಡು ಕಂದು ಕಲೆಗಳಿದ್ದವು. ಅವುಗಳಲ್ಲೊಂದು, ಹಿಂದೆ ಅದೇ ಮ್ಯಾನೇಜರನ ಸೇವಕನಾಗಿದ್ದು ಕಳವಿಗಾಗಿ ಜೈಲು ಕಂಡಿದ್ದ ಕಂಗಾಲಿ ಚರಣನೆಂಬವನ ಬಲ ಹೆಬ್ಬೆರಳಿನ ಗುರುತೆಂದು ಕಲಕತ್ತೆಯ ದಾಖಲೆಗಳಿಂದ ಸಿದ್ಧವಾಯಿತು. ಆದರೆ 1898ರಲ್ಲಿ ನ್ಯಾಯಾಲಯವು ಅವನನ್ನು ಕಳವಿಗೆ ಶಿಕ್ಷಿಸಿತೇ ಹೊರತು ಕೊಲೆಗಲ್ಲ: ಹೆಬ್ಬೆಟ್ಟು ಅವನು ಅಲ್ಲಿಗೆ ಬಂದು ಆ ಹೊತ್ತಗೆಯನ್ನು ಮುಟ್ಟಿದನೆಂದು ಹೇಳಿತು, ಕತ್ತಿ ಬೀಸಿದ ಕೈ ಅದೆಂದು ಹೇಳಲಿಲ್ಲ. ಈ ವಿದ್ಯೆಯ ಮೊದಲ ತರಗತಿಯಲ್ಲಿ ಹೇಳಬೇಕಾದ ಕಥೆ ಇದೇ ಎಂದು ನನ್ನ ಅಭಿಪ್ರಾಯ.

ನಮ್ಮ ಮಲೆನಾಡಿನ ವಿದ್ಯಾರ್ಥಿಗೆ ಇಂಥ ಉದಾಹರಣೆಗಳು ಮನೆಯ ಗೋಡೆಯ ಮೇಲೆಯೇ ತೂಗುತ್ತಿರುತ್ತವೆ. ಬೆಳೆರಕ್ಷಣೆಗೆಂದು ಲೈಸೆನ್ಸು ಪಡೆದು, ಚುನಾವಣೆ ಬಂದಾಗಲೆಲ್ಲ ಗೊಣಗುತ್ತ ಠಾಣೆಗೊಪ್ಪಿಸಿ ಬರುವ ಕೋವಿಯನ್ನು ತೆಗೆದುಕೊಳ್ಳಿ. ರೈಫಲಿನ ನಳಿಗೆಯೊಳಗೆ ಸುರುಳಿಗೆರೆಗಳಿರುವುದರಿಂದ, ಹೊರಟ ಗುಂಡಿನ ಮೈಮೇಲೆ ಆ ನಳಿಗೆಯದೇ ಗೀರುಗಳು ಮೂಡಿ, ಸೂಕ್ಷ್ಮದರ್ಶಕದಡಿ ಗುಂಡು ತನ್ನ ಕೋವಿಯನ್ನು ತಾನೇ ಹೆಸರಿಸುತ್ತದೆ. ತೋಟಾ ಕೋವಿಯ ನುಣುಪು ನಳಿಗೆಯಿಂದ ಸಿಡಿದ ಚರೆಗಳಲ್ಲಿ ಅಂಥ ಗುರುತಿಲ್ಲ. ಆದರೂ ಖಾಲಿ ತೋಟಾ ಸಿಕ್ಕಿದರೆ ಅದರ ಬೆನ್ನಿನಲ್ಲಿ ಮೊಳೆ ಬಡಿದ ಗುಳಿ ಉಳಿದಿರುತ್ತದೆ. ಕೇಪಿನ ಕೋವಿಯಲ್ಲಾದರೋ ತೋಟಾವೇ ಇಲ್ಲ! ಆಗ ಪರೀಕ್ಷಕನು ಚರೆಗಳು ಎಷ್ಟಗಲ ಹರಡಿವೆ ಎಂಬುದರಿಂದ ದೂರವನ್ನು ಅಂದಾಜಿಸಬೇಕು; ಮದ್ದಿನ ಮೇಲೆ ಗಜದಿಂದ ಜಡಿದಿದ್ದ ನಾರೋ, ಬಟ್ಟೆಚೂರೋ, ಕಾಗದವೋ ಗಾಯದಲ್ಲಿ ಅಥವಾ ಆಸುಪಾಸಿನಲ್ಲಿ ಸಿಕ್ಕೀತೇ, ಅದು ಯಾವ ಮನೆಯ ಹರಿದ ಪಂಚೆಗೆ ಹೊಂದೀತು ಎಂದು ಹುಡುಕಬೇಕು.

ಹೊಳೆಯೂ ಹೀಗೆಯೇ. ತುಂಗೆಯಲ್ಲಾಗಲಿ, ನರಸಿಂಹರಾಜಪುರದ ಬಳಿಯ ಭದ್ರಾ ಹಿನ್ನೀರಿನಲ್ಲಾಗಲಿ ಶವ ತೇಲಿದಾಗ, ಜೀವವಿರುವಾಗಲೇ ಮುಳುಗಿದ್ದೇ, ಸತ್ತ ಮೇಲೆ ಎಸೆದದ್ದೇ ಎಂಬ ಪ್ರಶ್ನೆ ಏಳುತ್ತದೆ. ಡಯಾಟಮ್ ಎಂಬ ಸೂಕ್ಷ್ಮ ಪಾಚಿಯು ಅಸ್ಥಿಮಜ್ಜೆಯವರೆಗೆ ತಲುಪಿದೆಯೇ ಎಂದು ನೋಡುವ ಪರೀಕ್ಷೆ ಉಂಟು, ಅದರ ವಿಶ್ವಾಸಾರ್ಹತೆಯ ಕುರಿತು ತಜ್ಞರಲ್ಲಿ ವಾದವೂ ಉಂಟು. ಇನ್ನು ಮಳೆಗಾಲದ ಮಹಜರಿನ ಪಾಡು. ರಕ್ತ ಸೋಕಿದ ಬಟ್ಟೆಯನ್ನು ಹಸಿಯಾಗಿಯೇ ಪ್ಲಾಸ್ಟಿಕ್ ಚೀಲಕ್ಕೆ ತುಂಬಿದರೆ ಬೂಷ್ಟು ಹಿಡಿದು ಸಾಕ್ಷ್ಯವೇ ಹಾಳಾಗುತ್ತದೆ. ಬಿಸಿಲೂ ಬೆಂಕಿಯೂ ತಾಗದಂತೆ ನೆರಳಿನಲ್ಲಿ ಆರಿಸಿ ಕಾಗದದಲ್ಲಿ ಕಟ್ಟಿ ಮೊಹರು ಮಾಡಬೇಕೆಂಬುದು ನಿಯಮ. ಜಡಿಮಳೆಯಲ್ಲಿ ಸುಲಿದ ಅಡಿಕೆಯನ್ನು ಒಣಗಿಸಲು ಹೆಣಗಿದವರಿಗೆ ಈ ನಿಯಮದ ಕಷ್ಟವನ್ನು ವಿವರಿಸಬೇಕಾಗಿಲ್ಲ.

2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯು, ಏಳು ವರ್ಷ ಅಥವಾ ಹೆಚ್ಚಿನ ಶಿಕ್ಷೆಗೆ ಅರ್ಹವಾದ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೇ ಬರಬೇಕೆಂದು ವಿಧಿಸಿ, ರಾಜ್ಯಗಳಿಗೆ ಸಿದ್ಧತೆಗಾಗಿ ಐದು ವರ್ಷಗಳ ಅವಕಾಶವನ್ನು ಕೊಟ್ಟಿರುವುದರಿಂದ, ಈ ವಿದ್ಯೆ ಬಲ್ಲವರ ಅಗತ್ಯವು ಬೆಳೆಯತಕ್ಕದ್ದೇ. ಧಾರವಾಡದಲ್ಲಿ 2023ರ ಜನವರಿ 28ರಂದು ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಆವರಣಕ್ಕೆ ಶಂಕುಸ್ಥಾಪನೆಯಾಯಿತು. ವಿಜ್ಞಾನದ ಉತ್ಸಾಹಕ್ಕೆ ಕಾನೂನಿನ ಕಡಿವಾಣವೂ ಇದೆ: ಬಲವಂತದ ಮಂಪರು ಪರೀಕ್ಷೆ ಸಲ್ಲದೆಂದು ಸುಪ್ರೀಂ ಕೋರ್ಟು 2010ರಲ್ಲಿ ತೀರ್ಪಿತ್ತದ್ದು ಸೆಲ್ವಿ ಮತ್ತು ಕರ್ನಾಟಕ ರಾಜ್ಯದ ನಡುವಣ ಮೊಕದ್ದಮೆಯಲ್ಲಿಯೇ.

ಸೇರಬಯಸುವವರು ಒಂದು ಸಂಗತಿಯನ್ನು ಮೊದಲೇ ತಿಳಿದಿರುವುದು ಒಳ್ಳೆಯದು. ಕಲಾ ವಿಭಾಗದಲ್ಲಿ ಅಪರಾಧಶಾಸ್ತ್ರವನ್ನು ಓದಿದವರಿಗೆ ಪೊಲೀಸು, ಕಾರಾಗೃಹ, ಸಮಾಜಕಾರ್ಯ, ಕಾನೂನುಗಳ ದಾರಿ ತೆರೆದಿದೆ. ಬೆಂಗಳೂರಿನ ಮಡಿವಾಳದ ಪ್ರಯೋಗಾಲಯದಂಥಲ್ಲಿ ಪರೀಕ್ಷಕರ ಮೇಜಿನ ಮುಂದೆ ಕೂರಬೇಕೆಂಬವರು ಪಿಯುಸಿಯಲ್ಲಿಯೇ ವಿಜ್ಞಾನವನ್ನು ಆಯ್ದು, ರಸಾಯನವನ್ನೋ ಭೌತವನ್ನೋ ಜೀವಶಾಸ್ತ್ರವನ್ನೋ ಗಟ್ಟಿಯಾಗಿ ಕಲಿತು ಹೋಗತಕ್ಕದ್ದು.